ಹೊಳೆ ದಾಟುವ ನಿಯಮ

ಅರಕೆರೆ, ಭಾನುವಾರ

ಪ್ರಿಯ ಸಿದ್ದರಾಮು,

ನಾವಿಬ್ಬರೂ ಸೇರಿ ನಿಯಮ ಬರೆಯುತ್ತಿದ್ದ ಕೋಟೆ ಯುದ್ಧದ ಮೇಜಿನಾಟವನ್ನು ಎರಡು ವರ್ಷದಿಂದ ನಾನು ಮುಟ್ಟಿರಲಿಲ್ಲ. ಇವತ್ತು ಪಾಂಡವಪುರದ ಗೆಳೆಯರು ನಿಯಮಗಳ ನಿನ್ನ ಹಳೆಯ ಪ್ರತಿ ಇಟ್ಟುಕೊಂಡು, ಹುರುಳಿಕಾಳುಗಳನ್ನೇ ಸೈನಿಕರೆಂದು ಜೋಡಿಸಿ ಅದನ್ನು ಆಡುತ್ತಿದ್ದರು. ಸೋಲುತ್ತಿದ್ದ ಯಶೋಧ, “ಬ್ಯಾಸ್ಗೆ ಬಂತು, ನೀರಿಳೀತು, ನಾನು ದಾಟ್ತೀನಿ” ಎಂದು ತನ್ನ ಕಾಳುಗಳನ್ನು ಹೊಳೆ ದಾಟಿಸಿ ಕೋಟೆ ಹಿಡಿದಳು. ಎಲ್ಲರೂ ಎದ್ದು ನಿಂತು ಕೂಗಿದರು.

ಆ ನಿಯಮ ನಿನ್ನದು. “ಬ್ಯಾಸ್ಗೇಲಿ ಮೊಣಕಾಲುದ್ದ ನೀರು ಕಣ್ಲಾ, ದನಾನೇ ದಾಟ್ತವೆ” ಎಂದು ನೀನು ಹೇಳಿದ್ದೆ. ಆಟದ ನಕ್ಷೆಯಲ್ಲಿದ್ದದ್ದು ನಿಮ್ಮೂರ ಹೊಳೆ; ನೀನು ಅದರಲ್ಲಿ ದನದ ಮೈ ತೊಳೆದವನು. ನಾನು ನಕ್ಷೆಯ ನೀಲಿ ಗೆರೆಯನ್ನು ನಂಬಿ, ಎಲ್ಲರೆದುರು ಅದನ್ನು ಹೊಡೆದುಹಾಕಿದೆ.

ಈಗ ಮತ್ತೆ ಬರೆಯಲು ಕೂತಿದ್ದೇನೆ. ಖಾಲಿ ಹಾಳೆಯೊಂದನ್ನು ಇದರೊಂದಿಗೆ ಇಟ್ಟಿದ್ದೇನೆ. ಹೊಳೆಯ ನಿಯಮ ನಿನ್ನ ಕೈಬರಹದಲ್ಲೇ ಇರಲಿ. ಅಂದು ಅದಕ್ಕೇ ನೀನು ಆಟದ ಮಧ್ಯೆ ಎದ್ದು ಹೋದಾಗ ಆಡುವ ಸರದಿ ನಿನ್ನದಿತ್ತು. ಈಗಲೂ ನಿನ್ನದೇ.

ನಿನ್ನ
ರಘುನಂದನ್