ಹೊಲಿಗೆ ಕಾರ್ಖಾನೆಯ ಹಿಂಬಾಗಿಲು

ಇತಿಹಾಸ ಸಂಘದ ಕಾರ್ಯದರ್ಶಿಗಳಿಗೆ ನಮಸ್ಕಾರ.

ನೀವು ಕೇಳಿದಂತೆ ಭಾನುವಾರದ ಉಪನ್ಯಾಸದಲ್ಲಿ ಮಾತಾಡುತ್ತೇನೆ. ಆದರೆ ಕರಪತ್ರದಲ್ಲಿ ಒಂದು ಮಾತು ತಿದ್ದಬೇಕು. ಹೊಲಿಗೆ ಕಾರ್ಖಾನೆಗೆ ಬೆಂಕಿ ಬಿದ್ದ ದಿನ ಹಿಂಬಾಗಿಲಿಗೆ ಬೀಗ ಹಾಕಿದವರು ಯಾರೆಂದು ತಿಳಿಯದು ಅಂತ ಬರೆದಿದ್ದೀರಿ. ಹಾಕಿದವಳು ನಾನು.

"ಹುಡುಗೀರು ಸುಮ್ಮಸುಮ್ಮನೆ ಎದ್ದು ಹೋಗ್ತಾರೆ, ಬೀಗ ಜಡಿಯಮ್ಮ" ಅಂದರು ಮೇಸ್ತ್ರಿ. ಜಡಿದು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಊಟಕ್ಕೆ ಮನೆಗೆ ಹೋದೆ. ಸತ್ತ ಏಳು ಜನರಲ್ಲಿ ನನ್ನ ತಂಗಿಯೂ ಒಬ್ಬಳು. ಇಪ್ಪತ್ತಾರು ವರ್ಷ ಯಾರೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ.

ಮೈಕ್ ಬೇಡ, ನನ್ನ ದನಿ ಕೇಳಿಸುತ್ತದೆ. ಜೊತೆಗೆ ತಂಗಿಯ ಮಗಳು ಬರುತ್ತಾಳೆ. ನಾನೇ ಸಾಕಿದ್ದು, ದೊಡ್ಡಮ್ಮ ಅನ್ನುವುದು ಬಿಟ್ಟು ಅಮ್ಮ ಅಂತಲೇ ಕರೆಯುತ್ತಾಳೆ. ಅವಳಿಗೆ ಇದು ಗೊತ್ತಿಲ್ಲ. ಮುಂದಿನ ಸಾಲಿನಲ್ಲಿ ಅವಳಿಗೊಂದು ಕುರ್ಚಿ ಇಡಿಸಿ.

ಇಂತಿ,
ಕಾಜಾ ಹೊಲಿಯುತ್ತಿದ್ದ ಅಕ್ಕ