ನೀಲಿ ಟಿಕ್ಕಿನ ಮಗಳು

ಕ್ಲಾತೆನ್
ಗುರುವಾರ, ಜೂನ್ 6

ನನ್ನ ಮುದ್ದು ವೆನಿಂಗ್,

ಫೋನ್ ಇದ್ದೂ ಕಾಗದ ಬರೆಯುತ್ತಾಳಲ್ಲ ಎಂದು ಬೈಯಬೇಡ. ಈಗ ಅದನ್ನು ಮುಟ್ಟಲೂ ಭಯ, ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಸುರಬಾಯಾಕ್ಕೆ ಹೊರಟಿರುವ ಪಕ್ಕದ ಮನೆಯ ಪಾರ್ತಿಯ ಕೈಯಲ್ಲಿ ಇದನ್ನು ಅಂಟಿಸಿ ಕಳಿಸುತ್ತಿದ್ದೇನೆ.

ಬರುವ ಸೋಮವಾರ ಠಾಣೆಗೆ ಬಾ ಎಂದು ಪೊಲೀಸರು ನಿನ್ನನ್ನು ಕರೆದಿದ್ದಾರೆ ಎಂದು ಕೇಳಿದಾಗಿನಿಂದ ನಾನು ಒಲೆ ಹಚ್ಚಿಲ್ಲ. ನಿನ್ನ ಹೆಸರಿನ ಖಾತೆಯಿಂದ ಕೊಂಡ ಕ್ರೀಮು ಹಚ್ಚಿಕೊಂಡು ಯಾರೋ ಹುಡುಗಿಯರು ಮುಖ ಸುಟ್ಟುಕೊಂಡರಂತೆ. ನಿನ್ನ ವಿಡಿಯೋಗಳಲ್ಲಿ ಮುಖಕ್ಕೆ ಅರಿಶಿನ, ಅಕ್ಕಿಹಿಟ್ಟು ಬಿಟ್ಟು ಬೇರೇನೂ ಕಲಸದ ನೀನು ಕ್ರೀಮು ಮಾರುತ್ತೀಯಾ! ಆದರೆ ಮಾರಿದ ಖಾತೆಗೆ ನೀಲಿ ಟಿಕ್ ಇದೆ, ನಿನ್ನದಕ್ಕಿಲ್ಲ. ಹಾಗಾಗಿ ಅದೇ ಅಸಲಿ, ನಿನ್ನದೇ ನಕಲಿ ಎಂದು ಊರೆಲ್ಲ ಮಾತು. ಪಾರ್ತಿ ಕೂಡ, "ಟಿಕ್ ಏನು ಸುಮ್‌ಸುಮ್ನೆ ಕೊಡ್ತಾರೇನೇ? ನಿನ್ ಮಗಳು ಏನೋ ಮುಚ್ಚಿಡ್ತಿದಾಳೆ" ಅಂದಳು. ಮೈ ಉರಿಯಿತು, ಬಾಗಿಲು ಹಾಕಿಕೊಂಡು ಒಳಗೆ ಬಂದೆ.

ಮೊದಲು ನಾನು ಆ ಖಾತೆಯ ಮೇಲಿರುವ ನಿನ್ನ ಹಾಳು ಹುಟ್ಟುಹೆಸರನ್ನೇ ಶಪಿಸಿದೆ. ಕುಸುಮನಿಂಗ್ರಾಟ್! ನಿನ್ನಪ್ಪ ಜಂಬಕ್ಕೆ ಇಟ್ಟ, ಅರಮನೆಯವರಿಗೆ ಒಪ್ಪುವಂಥ ಹೆಸರು. ನಾಲ್ಕು ವರ್ಷ ನೀನು ಜ್ವರದಲ್ಲೇ ಬೆಂದೆ. "ಹೆಸರು ಭಾರ ಆಯ್ತು ಕಣೇ, ಕೂಸು ಹೊರಲಾರದು" ಎಂದು ಅಜ್ಜಿ ನಿನ್ನನ್ನು ವೆನಿಂಗ್ ಎಂದು ಕರೆದಳು, ಜ್ವರ ಬಿಟ್ಟಿತು. ಕಾಗದಪತ್ರದಲ್ಲಿ ಮಾತ್ರ ಹಳೆಯದೇ ಉಳಿಯಿತು. ಮನೆಯವರ ಹೊರತು ಯಾರಿಗೂ ತಿಳಿಯದ ಆ ಹೆಸರು ಟಿಕ್ ಖಾತೆಯವರಿಗೆ ಹೇಗೆ ಸಿಕ್ಕಿತು ಎಂದು ನೀನು ಕೇಳಿದಾಗ, ನನಗೇನು ಗೊತ್ತು ತಾಯಿ ಎಂದುಬಿಟ್ಟೆ.

ಸುಳ್ಳು ಹೇಳಿದೆ ಮಗಳೇ. ನಾನೇ ಕೊಟ್ಟದ್ದು. ಜನವರಿಯಲ್ಲಿ ನಿನ್ನ ಫೋಟೋ ಇದ್ದ ಖಾತೆಯಿಂದ ಸಂದೇಶ ಬಂತು: "ಅಮ್ಮಾ, ಇದು ನನ್ ಹೊಸ ಖಾತೆ. ನೀಲಿ ಟಿಕ್ ಸಿಗ್ಬೇಕಂದ್ರೆ ಜನನ ಪತ್ರ, ಗುರುತಿನ ಚೀಟಿ ಕೇಳ್ತಿದಾರೆ, ಬೇಗ ಕಳ್ಸು." ಬೀರುವಿನಲ್ಲಿದ್ದ ನಕಲುಗಳ ಫೋಟೋ ತೆಗೆದು ಕಳಿಸಿದೆ. ವಾರದಲ್ಲೇ ಟಿಕ್ ಬಂತು, ಬೀದಿಗೆಲ್ಲ ತೋರಿಸಿ ಮೆರೆದೆ. ಖಾತೆಯ ಹೆಸರು ಕಾಗದದ ಹೆಸರಿಗೆ ಹೊಂದಿದರೆ ಟಿಕ್ ಬಂದುಬಿಡುತ್ತದಂತೆ. ಆ ಕಾಗದ ಯಾರ ಕೈಯಲ್ಲಿದೆ, ಅವರು ಎಂಥವರು ಎಂದು ಅದಕ್ಕೇನು ಗೊತ್ತು!

ಈ ಕಾಗದವನ್ನು ಪೊಲೀಸರಿಗೆ ತೋರಿಸು. ಸೋಮವಾರ ನಾನೂ ಬರುತ್ತೇನೆ, ಎಲ್ಲರೆದುರು ಹೇಳುತ್ತೇನೆ. ಬೈಯಿ, ಕೂಗಾಡು, ಮಾತು ಮಾತ್ರ ಬಿಡಬೇಡ.

ನಿನ್ನ ಪೆದ್ದು ಅಮ್ಮ,
ಸುಮಿರಾ

ಇನ್ನೊಂದು ಮಾತು: ಸಂದೇಶ ಕಳಿಸುತ್ತಿದ್ದವಳು ನೀನಲ್ಲ ಎಂದು ನನಗೆ ತಿಂಗಳೊಳಗೇ ಅನುಮಾನ ಬಂದಿತ್ತು. ಆದರೂ ಉತ್ತರ ಬರೆಯುತ್ತಲೇ ಇದ್ದೆ. ದಿನಾ ಸಂಜೆ ತಪ್ಪದೆ ಕೇಳುತ್ತಿದ್ದಳು ಕಣೇ, "ಊಟ ಆಯ್ತಾ ಅಮ್ಮಾ?" ಎಂದು.