ಎಡಮಗ್ಗುಲಿನ ಎರಡು ಗಂಟೆ

ಮಾರ್ಚ್ ೧೧, ಬುಧವಾರ ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ, ನಿನ್ನ ಬಡಬಡಕಿಯ ನಮಸ್ಕಾರಗಳು.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತವಳು ನಾನು, ಬಯ್ಯುವುದಿದ್ದರೆ ಬಯ್ದುಬಿಡು. ಶಾಲೆಯ ಯೂನಿಫಾರಂ ಹೊಲಿಗೆ ಒಟ್ಟಿಗೇ ಬಂದು ಬಿತ್ತು, ತಲೆ ಕೆರೆದುಕೊಳ್ಳಲೂ ಪುರಸೊತ್ತಿರಲಿಲ್ಲ. ಈಗ ಹೊಟ್ಟೆ ಅಡ್ಡ ಬಂದು ಕೈಚಾಚಿ ಹೊಲಿಯಬೇಕು. ಬಸ್ಸು ಓಡಿಸುವ ನಮ್ಮ ಯಜಮಾನರು ಅದಕ್ಕೂ ಗೇಲಿ ಮಾಡುತ್ತಾರೆ, ಸ್ಟೇರಿಂಗ್ ಹಿಡಿಯುವುದನ್ನು ಕಲಿಸಲಾ ಎಂದು.

ನಿನ್ನೆ ಎಂಟನೇ ತಿಂಗಳ ತಪಾಸಣೆಗೆ ಹೋಗಿದ್ದೆ. ನರ್ಸಮ್ಮ ಟೇಪು ಹಿಡಿದು ಹೊಟ್ಟೆ ಅಳೆದರು, ಒಂದಲ್ಲ, ಮೂರು ಸಲ. ಒಂದೇ ಅಳತೆಯನ್ನು ಮೂರು ಸಲ ತೆಗೆಯುವುದು ಯಾವಾಗ ಎಂದು ನನಗೆ ಗೊತ್ತಿಲ್ಲವೇ? ಬಟ್ಟೆ ಸಾಲದೆ ಬಂದಾಗ. ಮೂವತ್ತನಾಲ್ಕು ಸೆಂಟಿಮೀಟರ್ ಇರಬೇಕಾದಲ್ಲಿ ಮೂವತ್ತೇ ಇತ್ತು. ಸ್ಕ್ಯಾನ್ ಮಾಡಿದ ಡಾಕ್ಟರು, ಎದೆಬಡಿತ ಚೆನ್ನಾಗಿದೆ, ತೂಕ ಮಾತ್ರ ಹಿಂದೆ ಬಿದ್ದಿದೆ ಎಂದರು.

ಆಮೇಲೆ ಮಗು ಅಲುಗಾಡಿದ್ದನ್ನು ಗುರುತು ಹಾಕುವ ಹಾಳೆ ಕೇಳಿದರು. ದಿನಕ್ಕೆ ಹತ್ತು ಗೀಟು, ಒಂದೂ ಕಡಿಮೆಯಿಲ್ಲ. ಹೆಮ್ಮೆಯಿಂದ ಕೊಟ್ಟೆ. ಯಾವಾಗ ಎಣಿಸುತ್ತೀ ಎಂದು ನರ್ಸಮ್ಮ ಕೇಳಿದ್ದಕ್ಕೆ, ಹೊಲಿಯುತ್ತಲೇ ಎಂದೆ. ನಗುತ್ತಿದ್ದವರು ಗಂಭೀರವಾದರು.

"ಮೆಷಿನ್ ಅದುರೋದು ಯಾವುದು, ಮಗು ಅಲುಗೋದು ಯಾವುದು ಅಂತ ನಿಂಗೆ ಹೇಗೆ ಗೊತ್ತಾಗುತ್ತಮ್ಮ?"

ಅಕ್ಕ, ಹದಿನೈದು ದಿನ ನಾನು ಎಣಿಸಿದ್ದು ಮಗುವನ್ನೋ ಮೆಷಿನ್ನನ್ನೋ ದೇವರೇ ಬಲ್ಲ. ಊಟವಾದ ಮೇಲೆ ಎಡಮಗ್ಗುಲಾಗಿ ಮಲಗಿ, ಬೇರೇನೂ ಮಾಡದೆ ಎಣಿಸು, ಎರಡು ಗಂಟೆಯಲ್ಲಿ ಹತ್ತಾಗದಿದ್ದರೆ ಹಾಗೇ ಹೊರಟು ಬಾ ಎಂದು ಹೇಳಿ ಕಳಿಸಿದರು.

ನಿನ್ನೆ ಸಂಜೆ ಎಣಿಸಿದಾಗ ಹನ್ನೆರಡಾಯಿತು. ಹೋದ ಜೀವ ಬಂದಂತಾಯಿತು. ಇವತ್ತು ಬೆಳಗ್ಗೆಯಿಂದ ಯಾಕೋ ತೆಪ್ಪಗಿದೆ. ನನಗೆ ತುಂಬ ಹೆದರಿಕೆಯಾಗುತ್ತಿದೆ. ಇವರು ರಜೆ ಹಾಕಿ ಮನೆಯಲ್ಲೇ ಇದ್ದಾರೆ. ಊಟ ಆಯಿತು, ಈಗ ಮಲಗಿ ಎಣಿಸಬೇಕು.

ಭಾವನಿಗೆ ನನ್ನ ನಮಸ್ಕಾರ ಹೇಳು. ನೀವಿಬ್ಬರೂ ನೂರ್ಕಾಲ ಚೆನ್ನಾಗಿರಿ. ನಿನ್ನ ಆಶೀರ್ವಾದ ನಮ್ಮಿಬ್ಬರ ಮೇಲೂ ಇರಲಿ, ನನ್ನ ಮೇಲೂ ಒಳಗಿರುವವರ ಮೇಲೂ.

ನಿನ್ನ
ಬಡಬಡಕಿ

ತಾ.ಕ.: ಎರಡು ಗಂಟೆ ಮುಗಿಯಿತು. ಅಲುಗಿದ್ದು ನಾಲ್ಕೇ ಸಲ. ಇವರನ್ನು ಗಾಡಿ ತರಲು ಓಡಿಸಿದ್ದೇನೆ. ದಿನ ತುಂಬುತ್ತ ಬಂದಂತೆ ಮಗು ಸುಮ್ಮನಾಗುತ್ತದೆ, ನಾಳೆ ಹೋದರಾಯಿತು ಎಂದರು ಅತ್ತೆ.

ಆರು ವರ್ಷದ ಹಿಂದೆ, ಮಗು ಅಲುಗಾಡುತ್ತಿಲ್ಲವೆಂದು ನೀನು ನನ್ನ ಕೈ ಹಿಡಿದುಕೊಂಡಾಗ ನಾನೂ ಹಾಗೇ ಅಂದಿದ್ದೆ. "ಮಗೂನೂ ನಿದ್ದೆ ಮಾಡುತ್ತೆ ಕಣೇ ಅಕ್ಕ, ನಾಳೆ ಹೋಗೋಣ." ಮಾರನೇ ದಿನ ಹೋದೆವು, ಬರಿಗೈಯಲ್ಲಿ ಬಂದೆವು. ಯಾಕೆ ತಡಮಾಡಿದಿರಿ ಎಂದು ಡಾಕ್ಟರು ಕೇಳಿದರೆ, ನನಗೇ ಗೊತ್ತಾಗಲಿಲ್ಲ ಎಂದೆ ನೀನು. ಇಂದಿನವರೆಗೂ ಯಾರ ಮುಂದೆಯೂ ನನ್ನ ಹೆಸರೆತ್ತಲಿಲ್ಲ. ನಾನೂ ಬಾಯಿಬಿಡಲಿಲ್ಲ.

ಈಗ ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವರು ಒಳಗೆ ಹೋಗಿ, ನನ್ನ ಚಪ್ಪಲಿ ತಂದು ಕಾಲ ಬಳಿ ಇಟ್ಟರು.